ಚಿನ್ನದ ನೆಲ ಬಿಟ್ಟುಬಂದ ಧ್ರುವ

ನಂದಿದುರ್ಗ ಅಂದರೆ ಹೊರಗಿನವರಿಗೆ ಚಿಕ್ಕಬಳ್ಳಾಪುರದ ಬೆಟ್ಟ ಕಣ್ಣ ಮುಂದೆ ಬರುತ್ತದೆ. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತುವವರಿಗೆ ಅದು ಗಣಿಯ ಹೆಸರು. ಮೈಸೂರು ಗಣಿ, ಚಾಂಪಿಯನ್ ರೀಫ್, ಊರ್ಗಾಂ ಸಾಲಿನಲ್ಲಿ ಉತ್ತರದ ಕಡೆಗಿದ್ದ ಗಣಿ ಅದು. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಬಾಗಿಲು ಹಾಕಿದವು. ಈಗ ಅಲ್ಲಿ ನೋಡಲು ಸಿಗುವುದು ತುಕ್ಕು ಹಿಡಿದ ಶಾಫ್ಟ್‌ಗಳು ಮತ್ತು ಸೈನೈಡ್ ದಿಬ್ಬಗಳು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದ ಕಾರ್ಮಿಕರ ಕೈಗೆ ಸಿಕ್ಕ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಮೇಲಿನಿಂದ ತಂಪು ಗಾಳಿ ಒತ್ತಿ ಕಳಿಸದಿದ್ದರೆ ಅಲ್ಲಿ ಒಂದು ಪಾಳಿಯ ಕೆಲಸವೂ ನಡೆಯುತ್ತಿರಲಿಲ್ಲ.

ಇಂಥ ಬಿಸಿ ನೆಲದ ಮೇಲೆ ನಿಂತು ದಕ್ಷಿಣ ಧ್ರುವದ ಹಿಮದ ಮಾತೆತ್ತುವುದಕ್ಕೆ ಕಾರಣವಿದೆ. ಈ ನೆಲ ಒಂದು ಕಾಲಕ್ಕೆ ಅಂಟಾರ್ಕ್ಟಿಕಕ್ಕೆ ಅಂಟಿಕೊಂಡಿದ್ದ ಭೂಭಾಗ. ಎರಡೂ ಬೇರೆಯಾದಾಗ ನಡುವೆ ಕಡಲು ಬಂತು, ಆ ಕಡಲಿನಲ್ಲಿ ಪ್ರವಾಹ ಹುಟ್ಟಿತು, ಬಹುಕಾಲದ ಮೇಲೆ ಅಂಟಾರ್ಕ್ಟಿಕ ಹೆಪ್ಪುಗಟ್ಟಿತು. ಈ ಕತೆಯಲ್ಲಿ ನಮ್ಮ ನೆಲದ ಪಾತ್ರ ಎಷ್ಟು ದೊಡ್ಡದು ಎಂಬುದನ್ನು ನಮ್ಮ ಶಾಲೆಯ ಪುಸ್ತಕಗಳು ಸರಿಯಾಗಿ ಹೇಳಿಲ್ಲ ಎಂಬ ಕೊರಗು ನನಗಿದೆ.

ಕೋಲಾರದ ಕಲ್ಲಿನಿಂದಲೇ ಶುರು ಮಾಡೋಣ. ಕೆಜಿಎಫ್ ಸೀಮೆಯ ಪೆದ್ದಪಲ್ಲಿಯಲ್ಲಿ ಕೆಲವು ಬಂಡೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಜ್ವಾಲಾಮುಖಿ ಸಿಡಿದಾಗ ಚೆಲ್ಲಿದ ಕಲ್ಲುಚೂರುಗಳು ಅಲ್ಲಿ ಬೂದಿಯೊಳಗೆ ಬೆಸೆದುಕೊಂಡಿವೆ. ಜೊತೆಗೆ ದಿಂಬಿನಾಕಾರದ ಲಾವಾ ಇದೆ. ದುಂಡನೆಯ ಉಬ್ಬುಗಳು ಒಂದನ್ನೊಂದು ಒತ್ತಿಕೊಂಡು, ಕೆಳಗಿನದರ ಸಂದಿಗೆ ಮೇಲಿನದು ಇಳಿದು ಕೂತಿರುತ್ತವೆ. ಲಾವಾ ಈ ರೂಪ ತಾಳುವುದು ನೀರಿನೊಳಗೆ ಉಕ್ಕಿದಾಗ. ಹೊರಮೈ ತಣ್ಣೀರಿಗೆ ತಾಗಿ ಆ ಕ್ಷಣವೇ ಗಟ್ಟಿಯಾಗುತ್ತದೆ, ಒಳಗಿನ ದ್ರವ ಆ ಚಿಪ್ಪನ್ನು ಒಡೆದು ಮತ್ತೊಂದು ಉಬ್ಬಾಗಿ ಹೊರಬರುತ್ತದೆ. ಚಿತ್ರದುರ್ಗದ ಮರಡಿಹಳ್ಳಿಯಲ್ಲೂ ಇಂಥದೇ ಬಂಡೆಗಳಿವೆ. ಕೋಲಾರದ ಶಿಲಾಪಟ್ಟಿಯ ವಯಸ್ಸು ಸುಮಾರು 270 ಕೋಟಿ ವರ್ಷ. ಇವತ್ತು ಒಂದು ಹೊಳೆಯೂ ವರ್ಷವಿಡೀ ಹರಿಯದ ಈ ಜಿಲ್ಲೆಯ ಒಡಲಲ್ಲಿ ಕಡಲತಳದ ಕಲ್ಲಿದೆ.

ಆ ಕಡಲು ಬೇರೆ, ನಾನು ಹೇಳಹೊರಟಿರುವ ಕಡಲು ಬೇರೆ. ಪೆದ್ದಪಲ್ಲಿಯ ಬಂಡೆ ಹುಟ್ಟಿದ ಮೇಲೆ 250 ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಕಳೆದು ನಮ್ಮ ಕತೆಗೆ ಬೇಕಾದ ಘಟ್ಟ ಬರುತ್ತದೆ. ಅಷ್ಟರಲ್ಲಿ ಕೋಲಾರದ ನೆಲ ಗೊಂಡ್ವಾನ ಎಂಬ ಮಹಾಖಂಡದ ಒಳನಾಡಾಗಿತ್ತು. ಆಫ್ರಿಕ, ಮಡಗಾಸ್ಕರ್, ಭಾರತ, ಆಸ್ಟ್ರೇಲಿಯ, ಅಂಟಾರ್ಕ್ಟಿಕ, ದಕ್ಷಿಣ ಅಮೆರಿಕ ಎಲ್ಲ ಒಂದೇ ಗಡ್ಡೆ. ನಮ್ಮ ಪೂರ್ವ ಕರಾವಳಿ ಎಂದು ಈಗ ಕರೆಯುವ ಗೆರೆಯಲ್ಲಿ ಆಗ ಕಡಲಿರಲಿಲ್ಲ. ಅಲ್ಲಿಂದಾಚೆಗೆ ಅಂಟಾರ್ಕ್ಟಿಕದ ನೆಲವೇ ಮುಂದುವರಿದಿತ್ತು. ಕೆಜಿಎಫ್‌ನಿಂದ ಚೆನ್ನೈ ಕಡಲತೀರಕ್ಕೆ ನೇರ ಗೆರೆ ಎಳೆದರೆ ಸುಮಾರು 220 ಕಿಲೋಮೀಟರ್. ಅಷ್ಟು ನಡೆದು ಇನ್ನೂ ಮುಂದಕ್ಕೆ ಹೋದರೆ ಇವತ್ತಿನ ಎಂಡರ್ಬಿ ಲ್ಯಾಂಡ್ ಸಿಗುತ್ತಿತ್ತು. ಒಡಿಶಾದ ಮಹಾನದಿ ಹರಿಯುವ ಬಿರುಕುಕಣಿವೆಯ ಮುಂದುವರಿಕೆ ಅಂಟಾರ್ಕ್ಟಿಕದಲ್ಲಿದೆ. ಅದರೊಳಗೆ ಈಗ ಲ್ಯಾಂಬರ್ಟ್ ಎಂಬ ಭಾರೀ ಹಿಮನದಿ ಇಳಿಯುತ್ತಿದೆ. 2012ರಲ್ಲಿ ಭಾರತ ತನ್ನ ಹೊಸ ಸಂಶೋಧನಾ ನೆಲೆ ‘ಭಾರತಿ’ಯನ್ನು ಅದೇ ಸೀಮೆಯ ಲಾರ್ಸೆಮನ್ ಬೆಟ್ಟಗಳಲ್ಲಿ ಕಟ್ಟಿತು. ಪೂರ್ವ ಘಟ್ಟದ ಬಂಡೆಗಳಿಗೂ ಆ ಬೆಟ್ಟಗಳ ಬಂಡೆಗಳಿಗೂ ಇರುವ ನಂಟನ್ನು ಹುಡುಕುವುದು ಅಲ್ಲಿನ ಕೆಲಸಗಳಲ್ಲೊಂದು.

ಸುಮಾರು 13 ಕೋಟಿ ವರ್ಷಗಳ ಹಿಂದೆ ಈ ಗಡ್ಡೆ ಬಿರಿಯಿತು. ಭಾರತ ಮತ್ತು ಅಂಟಾರ್ಕ್ಟಿಕದ ನಡುವೆ ಕಡಲು ನುಗ್ಗಿತು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಕೈಬಿಟ್ಟಿತು. ಆಗ ಉಕ್ಕಿದ ಲಾವಾದ ತುಣುಕುಗಳು ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಕಂಬಗಳಾಗಿ ನಿಂತಿವೆ. ಆಮೇಲೆ ನಮ್ಮ ಉಪಖಂಡ ಒಂಟಿಯಾಗಿ ಉತ್ತರಕ್ಕೆ ಓಡಿತು. ಒಂದು ಹಂತದಲ್ಲಿ ಅದರ ವೇಗ ವರ್ಷಕ್ಕೆ 15 ಸೆಂಟಿಮೀಟರಿಗೂ ಹೆಚ್ಚಿತ್ತು, ಭೂಫಲಕಗಳ ಲೆಕ್ಕದಲ್ಲಿ ಅದು ನಾಗಾಲೋಟ. ಸುಮಾರು 5 ಕೋಟಿ ವರ್ಷಗಳ ಹಿಂದೆ ಅದು ಏಷ್ಯಾಕ್ಕೆ ಬಡಿಯಿತು. ಕೋಲಾರದ ಚಿನ್ನ, ನಂದಿಬೆಟ್ಟದ ಗ್ರಾನೈಟು, ಲಾಲ್‌ಬಾಗಿನ ಬಂಡೆ ಎಲ್ಲವೂ ಈ ಪಯಣದಲ್ಲಿ ಜೊತೆಗಿದ್ದವು.

ಇಲ್ಲಿ ಒಂದು ಒಗಟು ಎದುರಾಗುತ್ತದೆ. ಅಂಟಾರ್ಕ್ಟಿಕ ದಕ್ಷಿಣ ಧ್ರುವದ ಮೇಲೆ ಬಂದು ಕೂತು ಹತ್ತು ಕೋಟಿ ವರ್ಷವಾಗುತ್ತ ಬಂತು. ಆದರೆ ಅದರ ಮೇಲೆ ಖಂಡವನ್ನೇ ಮುಚ್ಚುವ ಹಿಮದ ಹೊದಿಕೆ ಬಂದದ್ದು ಸುಮಾರು 3.4 ಕೋಟಿ ವರ್ಷಗಳ ಹಿಂದೆ. ಧ್ರುವದಲ್ಲಿದ್ದೂ ಅದು ತನ್ನ ಕಾಲದ ಮೂರರಲ್ಲಿ ಎರಡು ಪಾಲನ್ನು ಕಾಡಾಗಿ ಕಳೆದಿದೆ. ಆರು ತಿಂಗಳು ಸೂರ್ಯನೇ ಕಾಣದ ಜಾಗದಲ್ಲಿ ಕಾಡು! 2010ರಲ್ಲಿ ‘ಜೋಯಿಡೀಸ್ ರೆಸಲ್ಯೂಷನ್’ ಎಂಬ ಹಡಗು ಅಂಟಾರ್ಕ್ಟಿಕದ ವಿಲ್ಕ್ಸ್ ಲ್ಯಾಂಡ್ ಕರಾವಳಿಯ ಕಡಲತಳವನ್ನು ಕೊರೆದು ಮಣ್ಣು ತೆಗೆಯಿತು. ಐದು ಕೋಟಿ ವರ್ಷಗಳಿಗೂ ಹಳೆಯದಾದ ಆ ಮಣ್ಣಿನಲ್ಲಿ ತಾಳೆ ಜಾತಿಯ ಮರಗಳ ಪರಾಗ ಇತ್ತು. ನಮ್ಮ ಬೂರುಗದ ನಂಟರಾದ ಮರಗಳ ಪರಾಗವೂ ಇತ್ತು. ಆ ಕರಾವಳಿಯಲ್ಲಿ ಚಳಿಗಾಲದಲ್ಲೂ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುತ್ತಿರಲಿಲ್ಲ ಎಂದು ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. ಕೋಲಾರದ ಡಿಸೆಂಬರಿನ ಒಂದು ಚಳಿ ಬೆಳಗನ್ನು ನೆನೆದುಕೊಂಡರೆ ಆ ಅಂಟಾರ್ಕ್ಟಿಕದ ಹವೆ ಎಂಥದೆಂದು ತಿಳಿದೀತು.

ಅಷ್ಟು ಶಾಖ ಧ್ರುವಕ್ಕೆ ಎಲ್ಲಿಂದ ಬಂತು? ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಈಗಿನದಕ್ಕಿಂತ ಬಹಳ ಹೆಚ್ಚಿತ್ತು, ಅದೊಂದು ಕಾರಣ. ಇನ್ನೊಂದು ಕಾರಣ ಕಡಲು. ಆಸ್ಟ್ರೇಲಿಯ ಮತ್ತು ದಕ್ಷಿಣ ಅಮೆರಿಕ ಇನ್ನೂ ಅಂಟಾರ್ಕ್ಟಿಕದ ಕೈ ಬಿಟ್ಟಿರಲಿಲ್ಲ. ಅಂಟಾರ್ಕ್ಟಿಕದ ಸುತ್ತ ಒಂದು ಸುತ್ತು ಹರಿಯಲು ನೀರಿಗೆ ದಾರಿಯೇ ಇರಲಿಲ್ಲ. ಗಾಳಿ ನೂಕಿದ ನೀರು ಖಂಡದ ದಂಡೆಗೆ ಬಡಿದರೆ ಅಲ್ಲಿ ರಾಶಿಯಾಗಿ, ದಂಡೆಯ ಗುಂಟ ಉತ್ತರಕ್ಕೋ ದಕ್ಷಿಣಕ್ಕೋ ತಿರುಗಲೇಬೇಕು. ಹಾಗೆ ತಿರುಗಿದ ದೊಡ್ಡ ದೊಡ್ಡ ಸುಳಿಗಳು ಕಡಿಮೆ ಅಕ್ಷಾಂಶದ ಬೆಚ್ಚನೆಯ ನೀರನ್ನು ಧ್ರುವದ ಕರಾವಳಿಯತ್ತ ಒಯ್ಯುತ್ತಿದ್ದವು.

ಮುಂದೆ ಎರಡು ಬಾಗಿಲು ತೆರೆದವು. ಆಸ್ಟ್ರೇಲಿಯದ ಟಾಸ್ಮೇನಿಯ ಮತ್ತು ಅಂಟಾರ್ಕ್ಟಿಕದ ನಡುವಿನ ಬಾಗಿಲು ಸುಮಾರು 3.5 ಕೋಟಿ ವರ್ಷಗಳ ಹಿಂದೆ ಆಳವಾಯಿತು. ದಕ್ಷಿಣ ಅಮೆರಿಕದ ತುದಿಗೂ ಅಂಟಾರ್ಕ್ಟಿಕಕ್ಕೂ ನಡುವಿನ ಡ್ರೇಕ್ ಜಲಮಾರ್ಗ ತೆರೆದ ಕಾಲದ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ, ಕೋಟಿಗಟ್ಟಲೆ ವರ್ಷಗಳ ವ್ಯತ್ಯಾಸವೇ ಇದೆ. ಎರಡೂ ಪೂರ್ತಿ ತೆರೆದ ಮೇಲೆ ಆ ಅಕ್ಷಾಂಶದಲ್ಲಿ ನೀರಿಗೆ ಅಡ್ಡ ನಿಲ್ಲುವ ನೆಲವೇ ಉಳಿಯಲಿಲ್ಲ. ಬಡಿದು ತಿರುಗಲು ದಂಡೆ ಇಲ್ಲದ ಮೇಲೆ ಪಶ್ಚಿಮದ ಗಾಳಿ ನೂಕಿದ ನೀರು ಸುತ್ತುತ್ತಲೇ ಹೋಗುತ್ತದೆ, ರಾಗಿ ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತುಗಳ ಹಾಗೆ. ಕಣದ ನಡುವಿನ ಮೇಟಿ ಇಲ್ಲಿ ಅಂಟಾರ್ಕ್ಟಿಕ. ಉತ್ತರದ ಬೆಚ್ಚನೆಯ ನೀರು ಈ ಸುತ್ತನ್ನು ದಾಟಿ ಒಳಗೆ ಬರುವುದು ಕಷ್ಟವಾಯಿತು.

ಇದು ಇವತ್ತಿನ ಅಂಟಾರ್ಕ್ಟಿಕ ಪರಿಧ್ರುವ ಪ್ರವಾಹ. ಎಲ್ಲೂ ನೆಲ ಅಡ್ಡ ಬಾರದೆ ಭೂಮಿಯನ್ನು ಒಂದು ಸುತ್ತು ಹಾಕುವ ಪ್ರವಾಹ ಇದೊಂದೇ. ಡ್ರೇಕ್ ಮಾರ್ಗದಲ್ಲಿ ಅಳೆದಾಗ ಸೆಕೆಂಡಿಗೆ ಸುಮಾರು 17 ಕೋಟಿ ಘನಮೀಟರ್ ನೀರು ಹಾದುಹೋಗುತ್ತಿತ್ತು. ಕಾವೇರಿ, ಗಂಗೆ, ಅಮೆಜಾನ್ ಸೇರಿ ಜಗತ್ತಿನ ಎಲ್ಲ ನದಿಗಳು ಕಡಲಿಗೆ ಸುರಿಯುವ ನೀರಿನ ನೂರು ಪಟ್ಟಿಗೂ ಹೆಚ್ಚು.

1973ರಲ್ಲಿ ‘ಗ್ಲೋಮರ್ ಚಾಲೆಂಜರ್’ ಹಡಗು ದಕ್ಷಿಣ ಸಾಗರದ ತಳ ಕೊರೆದು ತಂದ ಕೆಸರಿನಿಂದ, ಪ್ರವಾಹ ಅಂಟಾರ್ಕ್ಟಿಕವನ್ನು ತಣ್ಣಗಾಗಿಸಿತು ಎಂಬ ವಿಚಾರಕ್ಕೆ ಗಟ್ಟಿ ನೆಲೆ ಸಿಕ್ಕಿತು. ಆ ಕೆಸರಿನಲ್ಲಿ ಫೊರಾಮಿನಿಫೆರ ಎಂಬ ಏಕಕೋಶ ಜೀವಿಗಳ ಚಿಪ್ಪುಗಳಿರುತ್ತವೆ, ಮರಳಿನ ಕಣದಷ್ಟು ಚಿಕ್ಕವು. ಆ ಚಿಪ್ಪಿನ ಸುಣ್ಣದಲ್ಲಿ ಆಮ್ಲಜನಕ ಇದೆ. ಆಮ್ಲಜನಕದಲ್ಲಿ ಹಗುರವಾದದ್ದು ಒಂದು, ತುಸು ಭಾರದ್ದು ಒಂದು. ನೀರು ತಣ್ಣಗಿದ್ದಷ್ಟೂ ಚಿಪ್ಪಿನೊಳಗೆ ಭಾರದ ಆಮ್ಲಜನಕದ ಪಾಲು ಏರುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ಕಡಲಿನಿಂದ ಆವಿಯಾಗುವಾಗ ಹಗುರ ಆಮ್ಲಜನಕದ ನೀರು ಸುಲಭವಾಗಿ ಮೇಲೇರುತ್ತದೆ. ಅದು ಹಿಮವಾಗಿ ಖಂಡದ ಮೇಲೆ ಕೂತುಬಿಟ್ಟರೆ ಕಡಲಿನಲ್ಲಿ ಭಾರದ್ದೇ ಹೆಚ್ಚಾಗಿ ಉಳಿಯುತ್ತದೆ. ಹೀಗೆ ಒಂದು ಚಿಪ್ಪು ಕಡಲಿನ ತಂಪನ್ನೂ ನೆಲದ ಮೇಲಿನ ಹಿಮದ ಗಾತ್ರವನ್ನೂ ಒಟ್ಟಿಗೆ ದಾಖಲಿಸುತ್ತದೆ. ನಿಕೊಲಸ್ ಶ್ಯಾಕಲ್ಟನ್ ಮತ್ತು ಜೇಮ್ಸ್ ಕೆನೆಟ್ 1975ರಲ್ಲಿ ಈ ಲೆಕ್ಕವನ್ನು ಪ್ರಕಟಿಸಿದರು. 1977ರಲ್ಲಿ ಕೆನೆಟ್ ತಮ್ಮ ವಾದವನ್ನು ಪೂರ್ಣರೂಪದಲ್ಲಿ ಮುಂದಿಟ್ಟರು: ಬಾಗಿಲುಗಳು ತೆರೆದು ಪ್ರವಾಹ ಸುತ್ತತೊಡಗಿದ್ದರಿಂದ ಅಂಟಾರ್ಕ್ಟಿಕಕ್ಕೆ ಶಾಖದ ದಾರಿ ಕಡಿದುಹೋಯಿತು, ಅದಕ್ಕೇ ಅದು ಹೆಪ್ಪುಗಟ್ಟಿತು.

ಈ ವಾದ ಕಾಲು ಶತಮಾನ ಹೆಚ್ಚು ಅಡ್ಡಿಯಿಲ್ಲದೆ ನಡೆಯಿತು. 2003ರಲ್ಲಿ ರಾಬರ್ಟ್ ಡಿಕಾಂಟೊ ಮತ್ತು ಡೇವಿಡ್ ಪೊಲಾರ್ಡ್ ಗಣಕ ಮಾದರಿಯೊಂದರಲ್ಲಿ ಬಾಗಿಲುಗಳನ್ನು ತೆರೆದೂ ಮುಚ್ಚಿಯೂ ಪರೀಕ್ಷಿಸಿದರು. ಗಾಳಿಯ ಇಂಗಾಲದ ಡೈಆಕ್ಸೈಡ್ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಬಾಗಿಲು ಮುಚ್ಚಿದ್ದರೂ ಹಿಮ ಬಂದೇ ಬರುತ್ತದೆ ಎಂಬುದು ಅವರಿಗೆ ಸಿಕ್ಕ ಉತ್ತರ. ಬಾಗಿಲು ತೆರೆದದ್ದರಿಂದ ಹಿಮ ಸ್ವಲ್ಪ ಬೇಗ ಬಂದೀತು, ಅಷ್ಟೇ. ಇನ್ನೊಂದು ಪ್ರಶ್ನೆಯೂ ಎದ್ದಿತು. ಖಂಡಗಳು ಸರಿದು ಬಾಗಿಲು ಅಗಲವಾಗಲು ಲಕ್ಷಾಂತರ ವರ್ಷ ಸಾಲದು, ಕೋಟಿಯ ಲೆಕ್ಕ ಬೇಕು. ಚಿಪ್ಪುಗಳು ಹೇಳುವ ಪ್ರಕಾರ ಹಿಮ ಬಂದದ್ದು ಕೆಲವೇ ಲಕ್ಷ ವರ್ಷಗಳಲ್ಲಿ. ನಿಧಾನದ ಕಾರಣಕ್ಕೆ ಇಷ್ಟು ದಿಢೀರನೆ ಫಲ ಬಂದದ್ದು ಹೇಗೆ?

ನನಗೆ ಅನ್ನಿಸುವುದು, ಪ್ರವಾಹ ಮತ್ತು ಡೈಆಕ್ಸೈಡ್ ಎರಡನ್ನು ಎದುರುಬದುರು ನಿಲ್ಲಿಸಿದ್ದೇ ಚರ್ಚೆಯನ್ನು ದಾರಿತಪ್ಪಿಸಿತು. ಡೈಆಕ್ಸೈಡ್ ಇಳಿದು ಹಿಮ ಬೀಳುವ ಹಂತಕ್ಕೆ ಭೂಮಿ ಬಂದಿತ್ತು. ಪ್ರವಾಹ ಆ ಹಿಮ ಕರಗದ ಹಾಗೆ, ಬೆಳೆಯುವ ಹಾಗೆ ಕಾಯಿತು. ಒಮ್ಮೆ ಬಿಳಿ ಹೊದಿಕೆ ಬಂದ ಮೇಲೆ ಬಿಸಿಲನ್ನು ಅದೇ ಹಿಂದಕ್ಕೆ ಎರಚುತ್ತದೆ. ಹಿಮದ ಎತ್ತರ ಏರಿದಷ್ಟೂ ಅದರ ನೆತ್ತಿ ಇನ್ನಷ್ಟು ತಂಪಿನ ಗಾಳಿಗೆ ಹೋಗುತ್ತದೆ. ಹಿಮವೇ ಹಿಮವನ್ನು ಬೆಳೆಸುತ್ತದೆ. ಹೊಸ್ತಿಲು ದಾಟಿದ ಮೇಲೆ ವೇಗ ಬರುವುದು ಹಾಗೆ.

ಡೈಆಕ್ಸೈಡ್ ಇಳಿದ ಕತೆಯಲ್ಲೂ ನಮ್ಮ ನೆಲ ಇದೆ ಎಂಬುದು ನನಗೆ ಬಹಳ ಪ್ರಿಯವಾದ ಭಾಗ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ದಖ್ಖನ್ ಲಾವಾ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಗಳನ್ನು ಆವರಿಸಿದೆ. ಅದನ್ನು ಹೊತ್ತ ಉಪಖಂಡ ಉತ್ತರಕ್ಕೆ ಸಾಗುತ್ತ ಸಮಭಾಜಕದ ಮಳೆಪಟ್ಟಿಗೆ ಹೊಕ್ಕಿತು. ಮಳೆಹನಿ ಗಾಳಿಯಲ್ಲಿನ ಡೈಆಕ್ಸೈಡನ್ನು ಕರಗಿಸಿಕೊಂಡು ತೆಳು ಆಮ್ಲವಾಗಿ ಬೀಳುತ್ತದೆ. ಆ ಆಮ್ಲ ಲಾವಾ ಗಟ್ಟಿಯಾಗಿ ಆದ ಕಪ್ಪುಕಲ್ಲನ್ನು ತಿಂದು ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹೊಳೆಗೆ ಕೊಡುತ್ತದೆ, ಹೊಳೆ ಕಡಲಿಗೆ ಕೊಡುತ್ತದೆ. ಕಡಲಿನಲ್ಲಿ ಅದು ಸುಣ್ಣಕಲ್ಲಾಗಿ ತಳ ಸೇರುತ್ತದೆ. ಗಾಳಿಯಲ್ಲಿದ್ದ ಇಂಗಾಲ ಹೀಗೆ ಕಲ್ಲಾಗಿ ಕೂತಿತು. ಕಪ್ಪುಕಲ್ಲು ಹೀಗೆ ಮಳೆಗೆ ಸವೆದು ಸಾರ ಕಳೆದುಕೊಂಡರೆ ಏನಾಗುತ್ತದೆ ಎಂಬುದನ್ನು ಬೀದರಿನಲ್ಲಿ ಕಣ್ಣಾರೆ ನೋಡಬಹುದು. ಕೋಟೆ ನಿಂತಿರುವ ಆ ಕೆಂಪು, ತೂತುತೂತಾದ ಜಂಬಿಟ್ಟಿಗೆ ಕಲ್ಲು ಅದರದೇ ಶೇಷ. ಡೆನಿಸ್ ಕೆಂಟ್ ಮತ್ತು ಜೊವಾನಿ ಮುಟ್ಟೋನಿ 2008ರಲ್ಲಿ ಈ ವಿವರಣೆಯನ್ನು ಮುಂದಿಟ್ಟರು. ಭಾರತ ಏಷ್ಯಾಕ್ಕೆ ತಾಗಿ ಹಿಮಾಲಯ ಎದ್ದ ಮೇಲೆ ಇದೇ ಸವೆತ ಇನ್ನಷ್ಟು ಹೆಚ್ಚಿತು ಎಂದು ಮೌರೀನ್ ರೇಮೊ, ವಿಲಿಯಂ ರುಡಿಮನ್ ಮೊದಲಾದವರು ಅದಕ್ಕೂ ಮೊದಲೇ ವಾದಿಸಿದ್ದರು. ಎರಡೂ ಇನ್ನೂ ಚರ್ಚೆಯಲ್ಲಿರುವ ವಿಚಾರಗಳು. ಸರಿಯೆಂದಾದರೆ ಧ್ರುವದಿಂದ ಹೊರಟ ನೆಲ ಹೊರಡುವಾಗ ಕಡಲಿಗೆ ಜಾಗ ಕೊಟ್ಟಿತು, ತಲುಪಿದ ಮೇಲೆ ಗಾಳಿಯನ್ನು ತಂಪು ಮಾಡಿತು.

ಇನ್ನು ಉತ್ತರ ಧ್ರುವ. ಅಲ್ಲಿ ನಡುವೆ ಖಂಡವಿಲ್ಲ, ಸುತ್ತ ನೆಲವಿರುವ ಕಡಲಿದೆ. ಹಾಗಾಗಿ ಅಲ್ಲಿ ಪ್ರವಾಹದ ಆಟವೇ ತಿರುವುಮುರುವು. ಸುಮಾರು 4.9 ಕೋಟಿ ವರ್ಷಗಳ ಹಿಂದೆ ಆರ್ಕ್ಟಿಕ್ ಕಡಲು ಬೇರೆ ಸಾಗರಗಳಿಂದ ಬಹುಪಾಲು ಕಡಿದುಹೋಗಿತ್ತು. ಹೊರಗಿನ ಉಪ್ಪುನೀರು ಬರುವುದು ಕಡಿಮೆ, ಸುತ್ತಲಿನ ನದಿಗಳ ಸಿಹಿನೀರು ಬರುವುದು ಹೆಚ್ಚು. ಹಗುರವಾದ ಸಿಹಿನೀರು ಮೇಲೆ ಪದರವಾಗಿ ನಿಂತಿತು. 2004ರಲ್ಲಿ ಉತ್ತರ ಧ್ರುವದ ಹತ್ತಿರದ ಲೊಮೊನೊಸೊವ್ ದಿಣ್ಣೆಯನ್ನು ಕೊರೆದಾಗ ಆ ಕಾಲದ ಪದರದಲ್ಲಿ ಸಿಕ್ಕಿದ್ದು ಅಜೋಲಾ. ಹೌದು, ಬಂಗಾರಪೇಟೆ, ಮಾಲೂರು, ಮುಳಬಾಗಿಲಿನ ಹೈನುಗಾರರು ಗುಂಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಸಗಣಿ ಬಗ್ಗಡ ಬಿಟ್ಟು ಬೆಳೆಸಿ, ಹಿಂಡಿಯ ಜೊತೆ ಹಸುವಿಗೆ ಕೊಡುವ ಅದೇ ಅಜೋಲಾದ ಕುಲ. ನಿಂತ ಸಿಹಿನೀರಿನಲ್ಲಿ ಕೆಲವೇ ದಿನಗಳಲ್ಲಿ ಇಮ್ಮಡಿಯಾಗುವ ಆ ಪುಟ್ಟ ಜರೀಗಿಡ ಧ್ರುವದ ಕಡಲಿನ ಮೇಲೆ ಸುಮಾರು ಎಂಟು ಲಕ್ಷ ವರ್ಷ ಮತ್ತೆ ಮತ್ತೆ ಹಬ್ಬಿತು. ಸತ್ತು ತಳಕ್ಕೆ ಇಳಿದದ್ದು ಕೊಳೆಯಲು ಅಲ್ಲಿ ಆಮ್ಲಜನಕವಿರಲಿಲ್ಲ, ಪ್ರವಾಹ ನಿಂತುಹೋಗಿತ್ತಲ್ಲ. ಅದರೊಡನೆ ಒಂದಷ್ಟು ಇಂಗಾಲವೂ ಹೂತುಹೋಯಿತು.

ಉತ್ತರದಲ್ಲಿ ದೊಡ್ಡ ಹಿಮಯುಗಗಳು ಶುರುವಾದದ್ದು ಬಹಳ ಈಚೆಗೆ, ಮೂವತ್ತು ಲಕ್ಷ ವರ್ಷಗಳ ಒಳಗೆ. ಪನಾಮದ ಭೂಸಂಧಿ ಎರಡು ಅಮೆರಿಕಗಳನ್ನು ಬೆಸೆದು ಕಡಲಬಾಗಿಲನ್ನು ಮುಚ್ಚಿದ್ದು ಅದಕ್ಕೆ ತುಸು ಮೊದಲು. ಅದು ಬೆಚ್ಚನೆಯ ಗಲ್ಫ್ ಪ್ರವಾಹವನ್ನು ಬಲಪಡಿಸಿ ಉತ್ತರಕ್ಕೆ ಹಿಮ ಬೀಳಲು ಬೇಕಾದ ತೇವ ಒಯ್ದಿತು ಎನ್ನುವವರಿದ್ದಾರೆ. ಬಿಸಿನೀರು ಹಿಮಕ್ಕೆ ಕಾರಣವಾಗಬಲ್ಲದು ಎಂಬುದು ಮೊದಲ ಸಲ ಕೇಳಿದವರಿಗೆ ನಂಬಲು ಕಷ್ಟ.

ಆ ದಕ್ಷಿಣದ ಹಿಮಕ್ಕೂ ಕೋಲಾರದ ಗಣಿಗೂ ಇನ್ನೊಂದು ನಂಟು ಬೆಳೆದಿದೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಕಣಗಳ ಗುರುತು ಸಿಕ್ಕಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಜೊತೆ ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಅಲ್ಲಿದ್ದರು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಆ ತಂಡದ ಮುಂಚೂಣಿಯಲ್ಲಿದ್ದವರು. ಬೇರೆ ಕಣಗಳನ್ನೆಲ್ಲ ತಡೆಯಲು ಅವರಿಗೆ ಕೋಲಾರದ ಬಂಡೆ ಬೇಕಿತ್ತು. ಇವತ್ತು ನ್ಯೂಟ್ರಿನೊ ಹಿಡಿಯುವ ಅದೇ ಕೆಲಸಕ್ಕೆ ದಕ್ಷಿಣ ಧ್ರುವದಲ್ಲಿ, ಒಂದೂವರೆಯಿಂದ ಎರಡೂವರೆ ಕಿಲೋಮೀಟರ್ ಆಳದ ಹಿಮದೊಳಗೆ, 5,160 ಸಂವೇದಕಗಳನ್ನು ಇಳಿಬಿಟ್ಟಿದ್ದಾರೆ. ‘ಐಸ್‌ಕ್ಯೂಬ್’ ಎಂಬ ಆ ಯಂತ್ರ 2010ರ ಡಿಸೆಂಬರಿನಲ್ಲಿ ಪೂರ್ಣಗೊಂಡಿತು.

ಆ ಹಿಮದ ಈಗಿನ ಸ್ಥಿತಿ ಏನು ಎಂಬುದನ್ನು ಹೇಳದೆ ಈ ಬರಹ ಮುಗಿಯುವುದಿಲ್ಲ. ಅಂಟಾರ್ಕ್ಟಿಕದ ಅಂಚಿನಲ್ಲಿ ಚಳಿಗಾಲದಲ್ಲಿ ಕಡಲು ಹೆಪ್ಪುಗಟ್ಟುವಾಗ ಉಪ್ಪು ನೀರಿನಲ್ಲೇ ಉಳಿಯುತ್ತದೆ. ತಣ್ಣಗೆ, ಉಪ್ಪಾಗಿ, ಭಾರವಾದ ಆ ನೀರು ಖಂಡದ ಇಳಿಜಾರಿನಲ್ಲಿ ಜಾರಿ ತಳ ಸೇರಿ ಜಗತ್ತಿನ ಸಾಗರಗಳ ತಳದಲ್ಲಿ ಹರಡುತ್ತದೆ. ಅದರ ಕವಲುಗಳು ಹಿಂದೂ ಮಹಾಸಾಗರದ ತಳದಲ್ಲಿ ಉತ್ತರಕ್ಕೆ ಹರಿದು, ದಾರಿಯಲ್ಲಿ ಬೇರೆ ನೀರಿನೊಡನೆ ಬೆರೆಯುತ್ತ, ನಮ್ಮ ಬಂಗಾಳ ಕೊಲ್ಲಿಯ ಆಳದವರೆಗೂ ಬರುತ್ತವೆ. ಇಂಥ ನೀರು ಹುಟ್ಟುವ ಜಾಗಗಳಲ್ಲಿ ಒಂದು ಕೇಪ್ ಡಾರ್ನ್ಲಿ. ಜಪಾನಿನ ವಿಜ್ಞಾನಿಗಳು 2013ರಲ್ಲಿ ಅದನ್ನು ಖಚಿತಪಡಿಸಿದರು. ಅದು ‘ಭಾರತಿ’ ನೆಲೆ ಇರುವ ಪ್ರಿಡ್ಜ್ ಕೊಲ್ಲಿಯ ಪಶ್ಚಿಮಕ್ಕಿದೆ. ಹಿಮ ಕರಗಿ ಸಿಹಿನೀರು ಬೆರೆತರೆ ಅಲ್ಲಿನ ನೀರು ಹಗುರವಾಗುತ್ತದೆ, ಮುಳುಗುವುದಿಲ್ಲ. ಇಂಗಾಲದ ಹೊಗೆ ಈಗಿನಂತೆಯೇ ಏರುತ್ತ ಹೋದರೆ ಈ ತಳದ ಪ್ರವಾಹ 2050ರ ಹೊತ್ತಿಗೆ ಶೇ. 40ಕ್ಕೂ ಹೆಚ್ಚು ಕುಂಠಿತವಾಗಬಹುದೆಂದು 2023ರ ಮಾರ್ಚಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಲೆಕ್ಕ ಹಾಕಿದೆ. ಕೋಟಿ ವರ್ಷಗಳ ಲೆಕ್ಕದಲ್ಲಿ ಕಟ್ಟಿಕೊಂಡ ವ್ಯವಸ್ಥೆಯೊಂದರ ಬದಲಾವಣೆಯನ್ನು ನಾವು ಈಗ ಇಸವಿಗಳಲ್ಲಿ ಎಣಿಸುತ್ತಿದ್ದೇವೆ. 2004ರಲ್ಲಿ ‘ಸಾಗರ್ ಕನ್ಯಾ’ ಹಡಗು ಭಾರತದ ಮೊದಲ ದಕ್ಷಿಣ ಸಾಗರ ಯಾನಕ್ಕೆ ಹೊರಟಿತು. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಂದಿನಿಂದ ಆ ನೀರಿನ ಉಪ್ಪು ಮತ್ತು ಉಷ್ಣತೆಯನ್ನು ಅಳೆಯುತ್ತ ಬಂದಿದ್ದಾರೆ.